ಕೃತಕ ಬುದ್ಧಿಮತ್ತೆಯ ನಿಯಂತ್ರಣ ಮತ್ತು ಮಾನವ ಹಕ್ಕುಗಳು

ಸರ್ಕಾರಿ ಕಚೇರಿ, ಬ್ಯಾಂಕು, ಶಾಲೆ, ಪೊಲೀಸ್ ಠಾಣೆಗಳಲ್ಲಿ ಜನರ ಬಗ್ಗೆ ತೀರ್ಮಾನ ಕೈಗೊಳ್ಳಲು ಬಳಸುವ ಕೃತಕ ಬುದ್ಧಿಮತ್ತೆ (ಎಐ) ಖಾಸಗಿತನ, ಸಮಾನತೆ ಮತ್ತು ನ್ಯಾಯದ ಹಕ್ಕುಗಳಿಗೆ ಧಕ್ಕೆ ತರದಂತೆ ಅದನ್ನು ಕಾನೂನಿನ ಕಟ್ಟುಪಾಡಿಗೆ ಒಳಪಡಿಸುವ ಕ್ರಮ. ಇದಕ್ಕೆಂದೇ ರೂಪುಗೊಂಡ ಸಮಗ್ರ ಕಾಯ್ದೆಗಳಲ್ಲಿ ಐರೋಪ್ಯ ಒಕ್ಕೂಟದ್ದು ಮುಖ್ಯವಾದುದು. 2021ರ ಏಪ್ರಿಲ್‌ನಲ್ಲಿ ಮಂಡನೆಯಾಗಿ 2024ರ ಆಗಸ್ಟ್ 1ರಂದು ಜಾರಿಗೆ ಬಂತು.

ಇಂಥ ಕಾಯ್ದೆ ಏಕೆ ಬೇಕೆಂಬುದನ್ನು ನೆದರ್ಲೆಂಡ್ಸ್‌ನ ಶಿಶುಪಾಲನಾ ಸಹಾಯಧನದ ಹಗರಣ ತೋರಿಸಿಕೊಟ್ಟಿತು. ಅಲ್ಲಿನ ತೆರಿಗೆ ಇಲಾಖೆ 2013ರಿಂದ ಸಹಾಯಧನದ ಅರ್ಜಿಗಳಿಗೆ ಕಂಪ್ಯೂಟರಿನಿಂದ ಅಂಕ ಹಾಕಿಸುತ್ತಿತ್ತು. ವಂಚನೆಯ ಶಂಕೆ ಹೆಚ್ಚೆಂದು ಅಂಕ ಬಿದ್ದ ಅರ್ಜಿ ಅಧಿಕಾರಿಯ ಮೇಜಿಗೆ ಬರುತ್ತಿತ್ತು. ಶಂಕೆ ಏಕೆಂಬ ವಿವರ ಮಾತ್ರ ಕಡತದಲ್ಲಿ ಇರುತ್ತಿರಲಿಲ್ಲ. ಅರ್ಜಿದಾರರು ಡಚ್ ಪೌರರಲ್ಲ ಎಂಬುದೂ ಶಂಕೆಯ ಲೆಕ್ಕಕ್ಕೆ ಸೇರುತ್ತಿತ್ತು. ಸಹಿ ಬಿಟ್ಟುಹೋದಂಥ ಸಣ್ಣ ಲೋಪಕ್ಕೂ ಪಡೆದ ಹಣವನ್ನೆಲ್ಲ ಹಿಂದಿರುಗಿಸಲು ನೋಟಿಸು ಬಂದದ್ದುಂಟು. ಹತ್ತಾರು ಸಾವಿರ ಕುಟುಂಬಗಳಿಗೆ ಇದರ ಪೆಟ್ಟು ಬಿತ್ತು. ಎಷ್ಟೋ ಮಂದಿ ಸಾಲದಲ್ಲಿ ಮುಳುಗಿದರು, ಮನೆ ಕಳೆದುಕೊಂಡರು. ಇಂಥ ಮನೆಗಳ ಎಷ್ಟೋ ಮಕ್ಕಳು ಹೆತ್ತವರಿಂದ ದೂರವಾಗಿ ಬೇರೆಯವರ ಆಶ್ರಯದಲ್ಲಿ ಬೆಳೆಯಬೇಕಾಯಿತು. 2021ರ ಜನವರಿ 15ರಂದು ಪ್ರಧಾನಿ ಮಾರ್ಕ್ ರುಟ್ಟೆ ಅವರ ಸಂಪುಟ ರಾಜೀನಾಮೆ ಕೊಟ್ಟಿತು. ಕಡತ ನೋಡುವವನು ಮನುಷ್ಯನೇ ಆಗಿದ್ದರೂ ಆ ಕುಟುಂಬಗಳಿಗೆ ಅದರಿಂದ ರಕ್ಷಣೆ ಸಿಗಲಿಲ್ಲ. ಕಾರಣ ತಿಳಿಯದ ಅಧಿಕಾರಿ ಯಂತ್ರದ ಅಂಕವನ್ನು ಪ್ರಶ್ನಿಸುವುದಾದರೂ ಹೇಗೆ?

ಐರೋಪ್ಯ ಕಾಯ್ದೆ ಅಪಾಯದ ಮಟ್ಟ ನೋಡಿ ನಿಯಮ ಹೇರುತ್ತದೆ. ನಾಗರಿಕರ ನಡತೆಗೆ ಅಂಕ ಕೊಟ್ಟು ಅವರನ್ನು ಅನ್ಯಾಯವಾಗಿ ನಡೆಸಿಕೊಳ್ಳುವುದು, ಅಂತರ್ಜಾಲದಿಂದ ಕಂಡಕಂಡವರ ಮುಖಚಿತ್ರಗಳನ್ನು ಬಾಚಿ ದತ್ತಾಂಶ ಕೋಶ ಕಟ್ಟುವುದು, ವ್ಯಕ್ತಿಯ ಲಕ್ಷಣಗಳಷ್ಟರಿಂದಲೇ ಆತ ಅಪರಾಧ ಮಾಡಿಯಾನೆಂದು ಊಹಿಸುವುದು ನಿಷಿದ್ಧ. ಈ ನಿಷೇಧಗಳು 2025ರ ಫೆಬ್ರವರಿ 2ರಿಂದ ಅನ್ವಯವಾಗಿವೆ, ಮೀರಿದರೆ 3.5 ಕೋಟಿ ಯೂರೊ ಅಥವಾ ಜಾಗತಿಕ ವಹಿವಾಟಿನ ಶೇ 7ರವರೆಗೆ ದಂಡ. ನೇಮಕಾತಿ, ಸಾಲ, ಸರ್ಕಾರಿ ಸೌಲಭ್ಯಗಳಂಥ ಹೆಚ್ಚಿನ ಅಪಾಯದ ಕ್ಷೇತ್ರಗಳಲ್ಲಿ ಎಐ ಬಳಸಲು ಅಡ್ಡಿಯಿಲ್ಲ, ಆದರೆ ಮಾನವ ಮೇಲ್ವಿಚಾರಣೆ, ದಾಖಲೆ, ದೋಷವಿಲ್ಲದ ದತ್ತಾಂಶದ ಹೊಣೆಗಳಿವೆ. ಸಂತ್ರಸ್ತರ ದೃಷ್ಟಿಯಿಂದ ನೋಡಿದರೆ 86ನೇ ವಿಧಿಯೇ ಮುಖ್ಯ: ತನ್ನ ಮೇಲೆ ಗಂಭೀರ ಪರಿಣಾಮ ಬೀರಿದ ತೀರ್ಮಾನದಲ್ಲಿ ಎಐ ವಹಿಸಿದ ಪಾತ್ರವೇನೆಂದು ವಿವರಣೆ ಕೇಳುವ ಹಕ್ಕನ್ನು ಅದು ಕೊಡುತ್ತದೆ.

ಕಾಯ್ದೆಯಲ್ಲಿ ಕಂಡಿಗಳೂ ಇವೆ. ಸೇನೆ ಮತ್ತು ರಾಷ್ಟ್ರೀಯ ಭದ್ರತೆಯ ಬಳಕೆ ಪೂರ್ತಿ ಹೊರಗಿದೆ. ಸಾರ್ವಜನಿಕ ಸ್ಥಳದಲ್ಲಿ ಓಡಾಡುವವರ ಮುಖವನ್ನು ಆ ಕ್ಷಣದಲ್ಲೇ ಗುರುತಿಸುವ ತಂತ್ರವನ್ನು ಪೊಲೀಸರು ಬಳಸುವಂತಿಲ್ಲವಾದರೂ ಭಯೋತ್ಪಾದನೆಯ ಬೆದರಿಕೆ, ಕಾಣೆಯಾದವರ ಹುಡುಕಾಟ, ಗಂಭೀರ ಅಪರಾಧಗಳ ಶಂಕಿತರ ಪತ್ತೆಗೆ ವಿನಾಯಿತಿ ಇದೆ. ಮಾನವ ಹಕ್ಕು ಸಂಘಟನೆಗಳ ಆಕ್ಷೇಪ ಇಲ್ಲೇ ಹೆಚ್ಚು, ಮತ್ತು ಅದು ನ್ಯಾಯವಾದದ್ದು.

ಮಾನವ ಹಕ್ಕುಗಳನ್ನೇ ಕೇಂದ್ರವಾಗಿಟ್ಟ, ಕಾನೂನಿನ ಬಲವುಳ್ಳ ಮೊದಲ ಅಂತರರಾಷ್ಟ್ರೀಯ ಎಐ ಒಪ್ಪಂದ ಕೌನ್ಸಿಲ್ ಆಫ್ ಯುರೋಪ್‌ನದು. 2024ರ ಸೆಪ್ಟೆಂಬರ್ 5ರಂದು ವಿಲ್ನಿಯಸ್‌ನಲ್ಲಿ ಸಹಿಗೆ ತೆರೆಯಿತು.

ಭಾರತದಲ್ಲಿ ಈ ಚರ್ಚೆಗೆ ಅಡಿಪಾಯ ಹಾಕಿದ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು 2012ರಲ್ಲಿ ಸಲ್ಲಿಸಿದ ಅರ್ಜಿಯಿಂದಾಗಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಬಳಿಕ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿಯನ್ನು ತಿದ್ದಿಸುವ, ಅಳಿಸುವ ಹಕ್ಕು ಕೊಟ್ಟಿದೆ. ಯಂತ್ರದ ತೀರ್ಮಾನಕ್ಕೆ ಕಾರಣ ಕೇಳುವ ಹಕ್ಕು ಅದರಲ್ಲಿಲ್ಲ. ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನೂ ಕೇಂದ್ರ ಸರ್ಕಾರ ತನ್ನಲ್ಲೇ ಇಟ್ಟುಕೊಂಡಿದೆ.