ಮನೆಯೊಳಗೊಂದು ದರ್ಬಾರು

ಪಿತೃಪಕ್ಷ ಮುಗಿಯುವುದನ್ನೇ ಕಾಯುತ್ತಿದ್ದಂತೆ ಹಳೇ ಮೈಸೂರು ಪ್ರಾಂತ್ಯದ ಅನೇಕ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕುಗಳು ಕೆಳಗಿಳಿಯುತ್ತವೆ. ಹಳೆಯ ಪಂಚೆಯ ಚೂರುಗಳಲ್ಲಿ, ವೃತ್ತಪತ್ರಿಕೆಗಳಲ್ಲಿ ಸುತ್ತಿಟ್ಟ ಗೊಂಬೆಗಳು ಒಂದೊಂದಾಗಿ ಹೊರಬರುತ್ತವೆ. ಯಾವುದರ ಮೂಗು ಮುರಿದಿದೆ, ಯಾವುದರ ಬಣ್ಣ ಹೋಗಿದೆ ಎಂಬ ತಪಾಸಣೆ ನಡೆಯುತ್ತದೆ. ಪಾಡ್ಯದ ದಿನ ಮೆಟ್ಟಿಲು ಕಟ್ಟಿ, ಬಿಳಿ ಬಟ್ಟೆ ಹಾಸಿ, ಕಲಶವಿಟ್ಟು ಗೊಂಬೆ ಕೂರಿಸಿದರೆ ವಿಜಯದಶಮಿಯವರೆಗೂ ಆ ಮನೆಯ ನಡುಮನೆ ಮನೆಯವರದಲ್ಲ, ಗೊಂಬೆಗಳದು. ಸಂಜೆಯಾದರೆ ಬೀದಿಯ ಮಕ್ಕಳು ಗುಂಪುಗುಂಪಾಗಿ ಬಂದು ಬಾಗಿಲಲ್ಲಿ ನಿಂತು ‘ರೀ, ಗೊಂಬೆ ಕೂರಿಸಿದ್ದೀರಾ?’ ಎಂದು ಕೇಳುವುದು ವಾಡಿಕೆ. ನೋಡಿ ಹೋಗುವಾಗ ಅವರ ಕೈಗೆ ಸಿಗುವ ಚಕ್ಕುಲಿ, ಕೋಡುಬಳೆ, ಉಂಡೆ, ಉಸಲಿಗೆ ‘ಗೊಂಬೆ ಬಾಗಿನ’ ಎಂದು ಹೆಸರು. ಮಕ್ಕಳಲ್ಲಿ ಬಹುಮಂದಿ ಬರುವುದು ಗೊಂಬೆಗಿಂತ ಹೆಚ್ಚಾಗಿ ಈ ಬಾಗಿನಕ್ಕಾಗಿಯೇ ಎಂಬುದು ಎಲ್ಲ ಮನೆಯವರಿಗೂ ತಿಳಿದಿರುವ ಗುಟ್ಟು.

ಈ ಹಬ್ಬವನ್ನು ಸಾಮಾನ್ಯವಾಗಿ ಪೂಜೆಯ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಪೂಜೆ ಇದೆ, ನಿಜ. ಆದರೆ ಅದಕ್ಕಿಂತ ಹೆಚ್ಚಿನ ಸಮಯ, ಶ್ರಮ, ಜಗಳ ನಡೆಯುವುದು ಕೈಕೆಲಸದ ಸುತ್ತ. ಮನೆಯ ಹೆಂಗಸರು ಮತ್ತು ಮಕ್ಕಳು ಕೂಡಿ, ಮನೆಯಲ್ಲಿ ಸಿಕ್ಕಿದ ವಸ್ತುಗಳಿಂದಲೇ ಒಂದು ಕಥೆಯನ್ನು, ಒಂದು ಊರನ್ನು, ಒಂದು ಮೆರವಣಿಗೆಯನ್ನು ಕಟ್ಟಿ ನೆರೆಹೊರೆಯವರಿಗೆ ತೋರಿಸುವ ವಾರ್ಷಿಕ ಪ್ರದರ್ಶನ ಇದು.

ಮೆಟ್ಟಿಲುಗಳ ಸಂಖ್ಯೆ ಬೆಸವಾಗಿರಬೇಕು. ಮೂರು, ಐದು, ಏಳು, ಅನುಕೂಲವಿದ್ದವರಿಗೆ ಒಂಬತ್ತು. ಇಂದು ಕಬ್ಬಿಣದ ಮಡಿಸುವ ಸ್ಟ್ಯಾಂಡುಗಳು ಅಂಗಡಿಯಲ್ಲಿ ಸಿಗುತ್ತವೆ. ಹಿಂದೆ ಟ್ರಂಕು, ಸೀಮೆಎಣ್ಣೆ ಡಬ್ಬ, ಮಣೆ, ಹಲಗೆ, ಕೊನೆಗೆ ದಪ್ಪ ಪುಸ್ತಕಗಳನ್ನೂ ಜೋಡಿಸಿ ಎತ್ತರ ಸರಿಮಾಡುತ್ತಿದ್ದರು. ಮೇಲಿನ ಸಾಲು ದೇವರಿಗೆ. ಕೆಳಗಿನ ಸಾಲುಗಳಲ್ಲಿ ದಶಾವತಾರ, ರಾಮನ ಪಟ್ಟಾಭಿಷೇಕ, ಮದುವೆಯ ದಿಬ್ಬಣ, ವಾದ್ಯದವರು. ಹೊಟ್ಟೆ ಮುಂದಕ್ಕೆ ಚಾಚಿ ಕುಳಿತ ಶೆಟ್ಟಿ ಮತ್ತು ಶೆಟ್ಟಮ್ಮನಿಗೆ ತಪ್ಪದೆ ಒಂದು ಜಾಗ. ಇವರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ನಿಜವಾದ ಅಕ್ಕಿ, ಬೇಳೆ, ಕಡಲೆ, ಬೆಲ್ಲವಿಟ್ಟು ದಿನಸಿ ಅಂಗಡಿ ತೆರೆಯುವ ಕೆಲಸ ಮನೆಯ ಅತಿ ಕಿರಿಯ ಮಗುವಿನದು. ಬೆಲ್ಲ ದಿನೇ ದಿನೇ ಕಡಿಮೆಯಾಗುವುದೂ ಉಂಟು.

ನಿಜವಾದ ಕೈಚಳಕ ಕಾಣುವುದು ಮೆಟ್ಟಿಲ ಮೇಲಲ್ಲ, ಅದರ ಮುಂದಿನ ನೆಲದ ಮೇಲೆ. ಅಲ್ಲಿ ‘ಪಾರ್ಕು’ ಎದ್ದೇಳುತ್ತದೆ. ಹಬ್ಬಕ್ಕೆ ಕೆಲವು ದಿನ ಮುಂಚೆಯೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿಯನ್ನೋ ಸಾಸಿವೆಯನ್ನೋ ಚೆಲ್ಲಿ ನೀರು ಚಿಮುಕಿಸಿದರೆ, ಗೊಂಬೆ ಕೂರಿಸುವ ಹೊತ್ತಿಗೆ ಹುಲ್ಲುಹಾಸು ಸಿದ್ಧ. ಒಡೆದ ಕನ್ನಡಿಯ ಅಂಚನ್ನು ಮರಳಿನಲ್ಲಿ ಮುಚ್ಚಿದರೆ ಕೆರೆ. ಅದರ ಮೇಲೆ ಎರಡು ಹಂಸ. ಕಂದು ಕಾಗದವನ್ನು ಮುದುಡಿ, ಮೈದಾ ಅಂಟು ಬಳಿದು ಒಣಗಿಸಿದರೆ ಬೆಟ್ಟ. ಮೇಲೆ ಹತ್ತಿ ಇಟ್ಟರೆ ಅದೇ ಕೈಲಾಸ. ಬಣ್ಣ ಹಾಕಿದ ಮರದ ಹೊಟ್ಟು ರಸ್ತೆಯಾಗುತ್ತದೆ, ಖಾಲಿ ಬೆಂಕಿಪೊಟ್ಟಣಗಳು ರೈಲಾಗುತ್ತವೆ, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ರಾಜನ ಕಿರೀಟವಾಗುತ್ತದೆ. ಮನೆಯಲ್ಲಿ ಸಿಗರೇಟು ಸೇದುವವರಿಲ್ಲದಿದ್ದರೆ ಆ ಕಾಗದಕ್ಕೆ ಪಕ್ಕದ ಮನೆಯವರ ಮೊರೆಹೋಗಬೇಕು. ಈ ವಸ್ತುಗಳಲ್ಲಿ ಹೆಚ್ಚಿನವು ಬಿಸಾಡಬೇಕಾದವು ಎಂಬುದನ್ನು ಗಮನಿಸಬೇಕು.

ಪಟ್ಟದ ಗೊಂಬೆ

ಸಾಲಿನಲ್ಲಿ ಎಷ್ಟೇ ಗೊಂಬೆಗಳಿರಲಿ, ಅವುಗಳಲ್ಲಿ ಒಂದು ಜೋಡಿ ಇಲ್ಲದೆ ಹಬ್ಬವಿಲ್ಲ. ಅದು ಪಟ್ಟದ ಗೊಂಬೆ. ಗಂಡು ಹೆಣ್ಣಿನ ಈ ಮರದ ಜೋಡಿಯನ್ನು ಮದುವೆಯಲ್ಲಿ ಹೆಣ್ಣಿನ ತವರಿನವರು ಮಗಳಿಗೆ ಕೊಡುವುದು ರೂಢಿ. ಸಂಪ್ರದಾಯದಂತೆ ಇದು ರಕ್ತಚಂದನದ ಗೊಂಬೆ. ಆ ಮರ ಬೆಳೆಯುವುದು ಆಂಧ್ರದ ಶೇಷಾಚಲದ ಸುತ್ತಮುತ್ತ. ಆದ್ದರಿಂದ ತಿರುಪತಿಗೆ ಹೋದವರು ತರುತ್ತಿದ್ದ ವಸ್ತುಗಳಲ್ಲಿ ಇದೂ ಒಂದು. ತಮಿಳರು ಇದನ್ನೇ ಮರಪ್ಪಾಚಿ ಎನ್ನುತ್ತಾರೆ. ರಕ್ತಚಂದನದ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧ ಬಂದದ್ದು 1995ರಲ್ಲಿ. ಈಗ ಬೇರೆ ಮರಕ್ಕೆ ಕೆಂಪು ಬಣ್ಣ ಕೊಟ್ಟ ಜೋಡಿಗಳೂ ಮಾರಾಟವಾಗುತ್ತಿವೆ.

ಮರದ ಈ ಜೋಡಿ ನೋಡಲು ಅಷ್ಟೇನೂ ಚೆಂದವಲ್ಲ. ಚಪ್ಪಟೆ ಮುಖ, ಮೊಂಡು ಕೈಕಾಲು. ಅದಕ್ಕೆ ರೂಪ ಬರುವುದು ಮನೆಯಾಕೆಯ ಸೂಜಿಯಿಂದ. ಹರಿದ ಜರಿ ಸೀರೆಯ ಅಂಚು ರಾಣಿಯ ಸೀರೆಯಾಗುತ್ತದೆ, ರವಿಕೆ ಬಟ್ಟೆಯ ಚೂರು ರಾಜನ ಪೇಟವಾಗುತ್ತದೆ. ಮಣಿ ಪೋಣಿಸಿ ಹಾರ, ರಟ್ಟಿಗೆ ಬಣ್ಣದ ಕಾಗದ ಅಂಟಿಸಿ ಸಿಂಹಾಸನ. ಪ್ರತಿ ವರ್ಷ ಉಡುಪು ಹೊಸದಾಗಬೇಕು. ಹೀಗಾಗಿ ಮದುವೆಯಾಗಿ ಬಂದ ಹೆಣ್ಣಿಗೆ ಅತ್ತೆಮನೆಯಲ್ಲಿ ತನ್ನದೆಂದು ಹೇಳಿಕೊಳ್ಳಬಹುದಾದ ಕೆಲವೇ ವಸ್ತುಗಳಲ್ಲಿ ಒಂದು ಈ ಜೋಡಿ. ಅದನ್ನು ಹೇಗೆ ಸಿಂಗರಿಸಬೇಕು ಎಂಬುದರಲ್ಲಿ ಆಕೆಯದೇ ಮಾತು ನಡೆಯುತ್ತಿತ್ತು.

‘ಪಟ್ಟ’ ಎಂಬ ಮಾತೇ ಹಬ್ಬದ ಚರಿತ್ರೆಯ ಸುಳಿವನ್ನೂ ಕೊಡುತ್ತದೆ. ತೆಲುಗಿನ ‘ಕೊಲುವು’, ತಮಿಳಿನ ‘ಕೊಲು’ ಎಂಬ ಮಾತುಗಳಿಗೆ ರಾಜನ ಓಲಗ, ದರ್ಬಾರು ಎಂದೇ ಅರ್ಥ. ಅಂದರೆ ಮೂರೂ ಭಾಷೆಗಳಲ್ಲಿ ಗೊಂಬೆ ಕೂರಿಸುವುದೆಂದರೆ ಮನೆಯೊಳಗೆ ಒಂದು ರಾಜಸಭೆ ನಡೆಸುವುದು.

ವಿಜಯನಗರದ ಸುಳಿವು

ಈ ಪದ್ಧತಿ ವಿಜಯನಗರದಿಂದ ಬಂದದ್ದು ಎಂದು ಹೇಳುವವರು ಬಹಳ. ಆಧಾರವೇನು ಎಂದು ಹುಡುಕಿದರೆ ಕೈಗೆ ಸಿಗುವುದು ಸ್ವಲ್ಪವೇ. ಆದರೆ ಆ ಸ್ವಲ್ಪ ಕುತೂಹಲಕರ. ತೈಮೂರನ ಮಗ ಶಾರುಖ್‌ನ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ಇಮ್ಮಡಿ ದೇವರಾಯನ ರಾಜಧಾನಿಗೆ ಬಂದಿದ್ದ. ಅವನು ಕಂಡ ದೊಡ್ಡ ಹಬ್ಬ ಮಹಾನವಮಿಯೇ ಇರಬೇಕೆಂದು ಇತಿಹಾಸಕಾರರು ಸಾಮಾನ್ಯವಾಗಿ ತಿಳಿಯುತ್ತಾರೆ. ವಿಶಾಲವಾದ ಬಯಲಿನಲ್ಲಿ ಹಲವು ಅಂತಸ್ತಿನ ಮಂಟಪಗಳನ್ನು ಕಟ್ಟಿದ್ದರೆಂದೂ, ಅವುಗಳ ಮೇಲೆ ಮನುಷ್ಯರು, ಮೃಗಗಳು, ಪಕ್ಷಿಗಳು, ಕೊನೆಗೆ ನೊಣ ಸೊಳ್ಳೆಗಳವರೆಗೆ ಸಕಲ ಜೀವಿಗಳ ರೂಪಗಳೂ ಬಹು ನಾಜೂಕಾಗಿ ಮೂಡಿದ್ದವೆಂದೂ, ಕೆಲವು ಮಂಟಪಗಳು ತಿರುಗುತ್ತ ಗಳಿಗೆಗೊಂದು ನೋಟ ತೋರಿಸುತ್ತಿದ್ದವೆಂದೂ ಅವನು ಬರೆದಿದ್ದಾನೆ. ಅಂತಸ್ತು ಅಂತಸ್ತಾಗಿ ಜೋಡಿಸಿದ ಲೋಕದ ಬೊಂಬೆಯಾಟ! ಹಂಪಿಯ ಮಹಾನವಮಿ ದಿಬ್ಬವನ್ನು ನೋಡಿದವರಿಗೂ ಇದೇ ನೆನಪು ಬಂದೀತು. ಹಂತ ಹಂತವಾಗಿ ಏರುವ ಆ ಜಗತಿಯ ಮೈತುಂಬ ಆನೆ, ಕುದುರೆ, ಒಂಟೆ, ಬೇಟೆಗಾರರು, ನರ್ತಕಿಯರು ಸಾಲುಗಟ್ಟಿದ್ದಾರೆ.

ಆದರೆ ಹೋಲಿಕೆ ಬೇರೆ, ಪುರಾವೆ ಬೇರೆ. ರಜಾಕ್ ಬಣ್ಣಿಸಿದ್ದು ಅರಸನ ಬಯಲು ಪ್ರದರ್ಶನವನ್ನು, ಪ್ರಜೆಗಳ ಮನೆಯ ನಡುಮನೆಯನ್ನಲ್ಲ. ಪರದೇಶದ ಗಂಡಸಿಗೆ ಆ ನಡುಮನೆಗೆ ಪ್ರವೇಶವೂ ಇದ್ದಿರಲಾರದು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಯಾತ್ರಿಕ ಪಾಯೆಸನ ವಿವರವೂ ಅರಮನೆಯ ಆವರಣದ ಕುಸ್ತಿ, ನೃತ್ಯ, ಬಿರುಸುಬಾಣಗಳದೇ. ಹೆಂಗಸರ ಕೈಕೆಲಸ ಚರಿತ್ರೆಯ ಕಾಗದಕ್ಕೆ ಏರುವುದು ಯಾವ ಕಾಲದಲ್ಲೂ ಅಪರೂಪ. ಕಾಗದ, ಬಟ್ಟೆ, ಹಸಿಮಣ್ಣು ಶಿಲೆಯಂತೆ ಐನೂರು ವರ್ಷ ಉಳಿಯುವ ವಸ್ತುಗಳೂ ಅಲ್ಲ.

ಮೈಸೂರಿನ ಕಥೆ ಇದಕ್ಕಿಂತ ಸ್ಪಷ್ಟ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. 1799ರ ನಂತರ ರಾಜಧಾನಿ ಮೈಸೂರಿಗೆ ಬಂತು. ಮುಮ್ಮಡಿ ಕೃಷ್ಣರಾಜ ಒಡೆಯರು ಒಂಬತ್ತು ದಿನದ ದರ್ಬಾರಿಗೆ ಹೊಸ ಮೆರುಗು ಕೊಟ್ಟರು. ಚದುರಂಗದ ಸಮಸ್ಯೆಗಳನ್ನು, ಹೊಸ ಹೊಸ ಇಸ್ಪೀಟು ಎಲೆಯಾಟಗಳನ್ನು ರೂಪಿಸಿದ ಆಟಪ್ರಿಯ ದೊರೆ ಇವರು. ಇವರ ಕಾಲದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೇ ಒಂದು ಭಾಗ ಮೀಸಲು. ಅರಮನೆಯಲ್ಲೂ ಗೊಂಬೆಗಳಿಗೆ ಪ್ರತ್ಯೇಕ ಸ್ಥಳವಿತ್ತು. 1897ರಲ್ಲಿ ಮದುವೆಯ ಸಂದರ್ಭದಲ್ಲಿ ಬೆಂಕಿಬಿದ್ದು ಮರದ ಹಳೆಯ ಅರಮನೆ ಸುಟ್ಟುಹೋಗಿ, 1912ರಲ್ಲಿ ಈಗಿನ ಅರಮನೆ ಪೂರ್ಣಗೊಂಡಿತು. ಅದರಲ್ಲಿ ಪ್ರವಾಸಿಗರು ಮೊದಲು ಹಾಯುವ ಅಂಗಳದ ಹೆಸರೇ ‘ಗೊಂಬೆ ತೊಟ್ಟಿ’. ಹತ್ತೊಂಬತ್ತನೇ ಶತಮಾನದ ಮತ್ತು ಇಪ್ಪತ್ತರ ಆರಂಭದ ಗೊಂಬೆಗಳನ್ನು ಅಲ್ಲಿ ಇಂದಿಗೂ ಕಾಣಬಹುದು.

ರಾಜ ಸಿಂಹಾಸನದ ಮೇಲೆ ಕುಳಿತ ಅದೇ ಒಂಬತ್ತು ದಿನ ಪ್ರಜೆಗಳ ಮನೆಯಲ್ಲಿ ಮರದ ರಾಜರಾಣಿಯರು ಕುಳಿತರು. ಜಂಬೂಸವಾರಿ ಬೀದಿಯಲ್ಲಿ ಸಾಗಿದರೆ ಮನೆಯಲ್ಲಿ ಮಣ್ಣಿನ ಆನೆಯ ಬೆನ್ನಿಗೆ ರಟ್ಟಿನ ಅಂಬಾರಿ ಏರಿತು. ಚಾಮರಾಜ ಒಡೆಯರ ಕಾಲದಲ್ಲಿ ಶುರುವಾದ ದಸರಾ ವಸ್ತುಪ್ರದರ್ಶನವೂ ಮನೆಯ ಪಾರ್ಕಿಗೆ ಮಾದರಿಯಾಗಿರಬೇಕು. ವಿಷಯವೊಂದನ್ನು ಆರಿಸಿಕೊಂಡು ಅದರಂತೆ ಜೋಡಿಸುವ ಹವ್ಯಾಸ ಪುರಾಣಕ್ಕಿಂತ ಪ್ರದರ್ಶನಕ್ಕೆ ಹತ್ತಿರವಾದದ್ದು. ಹೆಣ್ಣುಮಕ್ಕಳ ಶಾಲೆಗಳು ಬಂದ ಮೇಲೆ (ಮೈಸೂರಿನ ಮಹಾರಾಣಿ ಶಾಲೆ 1881ರದು) ಅಲ್ಲಿ ಕಲಿತ ಹೊಲಿಗೆ, ಉಲ್ಲನ್ ಹೆಣಿಗೆ, ಮಣಿಕೆಲಸಗಳನ್ನು ಬಂದವರಿಗೆ ತೋರಿಸಲು ಗೊಂಬೆಯ ಸಾಲಿಗಿಂತ ಒಳ್ಳೆಯ ಜಾಗವಿರಲಿಲ್ಲ.

ಇದು ಇಡೀ ಕರ್ನಾಟಕದ ಹಬ್ಬವಲ್ಲ. ಉತ್ತರ ಕರ್ನಾಟಕದಲ್ಲಿ ನವರಾತ್ರಿಗೆ ಘಟಸ್ಥಾಪನೆ, ದಶಮಿಗೆ ಬನ್ನಿ. ಮೈಸೂರಿನಲ್ಲಿ ಪಾರ್ಕಿನ ಹುಲ್ಲಾಗುವ ಮೊಳಕೆ ಅಲ್ಲಿ ಘಟದ ಸುತ್ತ ಪೂಜೆಗೊಳ್ಳುತ್ತದೆ. ಹಾಗೆಂದು ಅಲ್ಲಿನ ಮನೆಗಳಲ್ಲಿ ಕೈಕೆಲಸವಿಲ್ಲವೆಂದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಗೌರಿಹುಣ್ಣಿಮೆಗೆ ಮರದ ಅಚ್ಚಿನಲ್ಲಿ ಎರೆದ ಸಕ್ಕರೆ ಗೊಂಬೆಗಳ ಆರತಿ. ಆಂಧ್ರದ ಕೆಲವೆಡೆ ಗೊಂಬೆಗಳ ಕೊಲುವು ಸಂಕ್ರಾಂತಿಗೆ. ದೂರದ ಜಪಾನಿನಲ್ಲೂ ಮಾರ್ಚ್ 3ರಂದು ಕೆಂಪು ಬಟ್ಟೆ ಹಾಸಿದ ಮೆಟ್ಟಿಲ ಮೇಲೆ ಚಕ್ರವರ್ತಿ ದಂಪತಿಯ ಗೊಂಬೆಗಳನ್ನು ಪರಿವಾರ ಸಮೇತ ಕೂರಿಸುತ್ತಾರೆ. ಎರಡಕ್ಕೂ ನಂಟಿದೆ ಎನ್ನಲು ಆಧಾರವಿಲ್ಲ. ಆದರೂ ಅದು ಹೆಣ್ಣುಮಕ್ಕಳ ಹಬ್ಬವೆಂಬುದು ಸ್ವಾರಸ್ಯ.

ಹಳೇ ಮೈಸೂರಿನಲ್ಲಿಯೂ ಇದು ಬಹುಕಾಲ ಬ್ರಾಹ್ಮಣರ, ಅರಸು ಮನೆತನಗಳ, ವೈಶ್ಯರ, ಒಟ್ಟಿನಲ್ಲಿ ನಡುಮನೆಯೆಂಬುದೊಂದಿದ್ದ ಅನುಕೂಲಸ್ಥರ ಹಬ್ಬವಾಗಿತ್ತು. ಗೊಂಬೆ ನೋಡಲು ಯಾವ ಬೀದಿಯ ಮಕ್ಕಳು ಒಳಗೆ ಬರಬಹುದು, ಯಾರು ಹೊಸ್ತಿಲಾಚೆ ನಿಲ್ಲಬೇಕು ಎಂಬ ಕಟ್ಟು ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ಕಟ್ಟು ಮನೆಯೊಳಗಿನದೇ. ಆರತಿ ಎತ್ತುವುದು ಮುತ್ತೈದೆಯರ ಹಕ್ಕು. ಗಂಡನನ್ನು ಕಳೆದುಕೊಂಡವರು ಹಿಂದೆ ಸರಿಯಬೇಕು. ಬಾಗಿನದ ಚಕ್ಕುಲಿ ಕರಿದವರು, ಮಣಿ ಪೋಣಿಸಿದವರು ಅವರೇ ಆಗಿದ್ದರೂ ಸರಿ. ಅಟ್ಟದ ಮೇಲಿನ ಗೊಂಬೆಗಳನ್ನು ಅಕ್ಕರೆಯಿಂದ ನೆನೆಯುವವರು ಇದನ್ನೂ ನೆನೆಯುವುದು ನ್ಯಾಯ. ಈಚಿನ ದಶಕಗಳಲ್ಲಿ ಎರಡೂ ಕಟ್ಟುಗಳು ಸಡಿಲವಾಗುತ್ತಿವೆ, ಎಲ್ಲೆಡೆ ಒಂದೇ ವೇಗದಲ್ಲಿ ಅಲ್ಲ.

ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಸೇರಬೇಕೆಂಬ ನಿಯಮದಿಂದ ಒಂದು ಅನುಕೂಲವಾಗಿದೆ. ಹಳೆಯ ಮನೆಯ ಸಾಲನ್ನು ತಿಳಿದವರು ಕಾಲಾನುಕ್ರಮವಾಗಿ ಓದಬಹುದು. ಅಜ್ಜಿಯ ಕಾಲದ ಜರ್ಮನ್ ಪಿಂಗಾಣಿ ಗೊಂಬೆ, ಜಪಾನಿನ ಸೆಲ್ಯುಲಾಯ್ಡ್ ಮಗು, ಕೋಲು ಹಿಡಿದ ಗಾಂಧಿ, ಗುಲಾಬಿ ಸಿಕ್ಕಿಸಿದ ನೆಹರೂ, ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆ, ಕೊಪ್ಪಳ ಬಳಿಯ ಕಿನ್ನಾಳದ ಹಗುರ ಮರದ ದೇವತೆ, ಆಂಧ್ರದ ಕೊಂಡಪಲ್ಲಿಯ ಹಳ್ಳಿಯ ದೃಶ್ಯ, ಪ್ಲಾಸ್ಟರಿನ ಕ್ರಿಕೆಟ್ ತಂಡ, ಆಮೇಲೆ ಪ್ಲಾಸ್ಟಿಕ್. ಯಾವ ವಸ್ತು ಯಾವಾಗ ಪೇಟೆಗೆ ಬಂತು, ಯಾವ ನಾಯಕ ಯಾವಾಗ ಮನೆಯ ಮೆಟ್ಟಿಲೇರಿದ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ದಾಖಲೆ ಅನೇಕ ಮನೆಗಳಲ್ಲಿ ಇಲ್ಲ.

ಈಗ ತಮಿಳುನಾಡಿನ ಪಣ್‌ರುಟ್ಟಿ ಮೊದಲಾದ ಕಡೆಗಳಿಂದ ಕಾಗದದ ರಚ್ಚಿನ, ಮಣ್ಣಿನ ಗೊಂಬೆಗಳು ‘ಸೆಟ್’ ಲೆಕ್ಕದಲ್ಲಿ ಬರುತ್ತವೆ. ಸೀತಾ ಕಲ್ಯಾಣ ಬೇಕೇ, ಗ್ರಾಮಜೀವನ ಬೇಕೇ, ಸೀಮಂತ ಬೇಕೇ, ಪೆಟ್ಟಿಗೆ ತೆರೆದು ಜೋಡಿಸಿದರಾಯಿತು. ಇಬ್ಬರೂ ಕೆಲಸಕ್ಕೆ ಹೋಗುವ, ಎರಡು ಕೋಣೆಯ ಫ್ಲ್ಯಾಟಿನಲ್ಲಿರುವ ದಂಪತಿಯನ್ನು ಇದಕ್ಕೆ ದೂರುವಂತಿಲ್ಲ. ಗೊಂಬೆ ಮಾಡುವವರ ಹೊಟ್ಟೆಪಾಡೂ ಈ ಸೆಟ್ಟುಗಳ ಮೇಲೆಯೇ ನಿಂತಿದೆ. ಆದರೆ ಪೆಟ್ಟಿಗೆಯಿಂದ ತೆಗೆದ ದೃಶ್ಯದಲ್ಲಿ ಮಕ್ಕಳಿಗೆ ಕೆಲಸವಿಲ್ಲ, ನೋಡುವುದಷ್ಟೇ. ವಿಚಿತ್ರವೆಂದರೆ ಪಾರ್ಕು ಮಾತ್ರ ಈ ಮಾರುಕಟ್ಟೆಗೆ ಇನ್ನೂ ಪೂರ್ತಿ ಸಿಕ್ಕಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿಯಿತು. ಎರಡು ತಿಂಗಳೂ ತುಂಬುವ ಮೊದಲೇ ದಸರೆ ಬಂತು. ಅಷ್ಟರಲ್ಲಿ ಅಚ್ಚು ಹಾಕಿ ಗೊಂಬೆ ಮಾಡಿ ಅಂಗಡಿಗೆ ಕಳಿಸುವುದು ಸುಲಭದ ಮಾತಲ್ಲ. ರಟ್ಟು, ಬೆಳ್ಳಿ ಕಾಗದ, ಕುಳಿ ಬಿದ್ದ ನೆಲಕ್ಕೆ ಬೂದಿ ಬೆರೆಸಿದ ಮರಳು, ಇಷ್ಟಿದ್ದರೆ ಮಕ್ಕಳಿಗೆ ಒಂದು ಸಂಜೆ ಸಾಕು.