ಕುಡಿತ ಬಿಟ್ಟರೂ ಇಳಿಯದ ಯಕೃತ್ತಿನ ಕಿಣ್ವ: ವರದಿ ಹೇಳುವುದೇನು?

ಮಸ್ಕಿ: ಮದ್ಯಪಾನ ತ್ಯಜಿಸಿ ಎರಡು ತಿಂಗಳು ಕಳೆದಿರುತ್ತದೆ. ಆದರೂ ರಕ್ತಪರೀಕ್ಷೆಯ ವರದಿಯಲ್ಲಿ ಎಸ್‌ಜಿಒಟಿ 58, ಎಸ್‌ಜಿಪಿಟಿ 49 ಎಂಬ ಅಂಕಿಗಳು ದಪ್ಪಕ್ಷರದಲ್ಲಿ ಮುದ್ರಿತವಾಗಿರುತ್ತವೆ. ‘ಕದ್ದು ಕುಡಿಯುತ್ತಿರಬಹುದೇ’ ಎಂಬ ಶಂಕೆ ಮನೆಯವರಿಗೆ. ‘ಬಿಟ್ಟೂ ಏನು ಫಲ’ ಎಂಬ ನಿರಾಶೆ ಬಿಟ್ಟವನಿಗೆ. ಎಷ್ಟೋ ಮಂದಿ ಮತ್ತೆ ಬಾಟಲಿ ಹಿಡಿಯುವುದು ಇಂತಹ ಗಳಿಗೆಯಲ್ಲೇ. ವಾಸ್ತವದಲ್ಲಿ ಈ ಅಂಕಿಗಳು ಆ ಶಂಕೆಗೂ ಈ ನಿರಾಶೆಗೂ ಸಾಕ್ಷಿಯಾಗಲಾರವು.

ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದರೂ ರಾಯಚೂರು ಜಿಲ್ಲೆಯ ಹಳ್ಳಿಗಳಿಂದ ಕುಡಿತ ದೂರವಾಗಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಆಗ್ರಹಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟ ಮಹಿಳೆಯರಲ್ಲಿ ಈ ಜಿಲ್ಲೆಯವರೂ ಇದ್ದರು. ಮದ್ಯವರ್ಜನ ಶಿಬಿರ ಮುಗಿಸಿ ಊರಿಗೆ ಮರಳಿದವರ ಮುಂದಿನ ಹಾದಿಯಲ್ಲಿ ಯಕೃತ್ತಿನ ಪರೀಕ್ಷೆಯೂ ಒಂದು ಮೈಲಿಗಲ್ಲು.

ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬವು ಜೀವಕೋಶಗಳ ಒಳಗೆ ಕೆಲಸ ಮಾಡುವ ಕಿಣ್ವಗಳು. ಕೋಶಕ್ಕೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುತ್ತವೆ. ಬಹುತೇಕ ಪ್ರಯೋಗಾಲಯಗಳು 40 ಯೂನಿಟ್‌ನ ಆಸುಪಾಸನ್ನು ಮೇಲಿನ ಮಿತಿಯೆಂದು ನಮೂದಿಸುತ್ತವೆ. ಅದರ ಎರಡು ಪಟ್ಟಿನೊಳಗಿನ ಏರಿಕೆಯನ್ನು ಅಲ್ಪ ಏರಿಕೆ ಎನ್ನಬಹುದು. ಮದ್ಯದಿಂದ ಹಾನಿಯಾದಾಗ ಸಾಮಾನ್ಯವಾಗಿ ಎಸ್‌ಜಿಒಟಿಯೇ ಹೆಚ್ಚಿದ್ದು, ಎಸ್‌ಜಿಪಿಟಿಯ ಎರಡು ಪಟ್ಟನ್ನು ಮೀರುವುದುಂಟು. ಕುಡಿತ ನಿಂತ ಕೆಲವೇ ವಾರಗಳಲ್ಲಿ ಇವು ಇಳಿಯತೊಡಗುತ್ತವೆ. ಜಿಜಿಟಿ ಎಂಬ ಮತ್ತೊಂದು ಕಿಣ್ವದ ಇಳಿಕೆ ನಿಧಾನ. ಎರಡು ತಿಂಗಳವರೆಗೂ ಹಿಡಿಯಬಹುದು. ಆದುದರಿಂದ ಒಂದೇ ವರದಿಗಿಂತ, ಒಂದರ ಹಿಂದೊಂದು ಬಂದ ಎರಡು-ಮೂರು ವರದಿಗಳ ದಿಕ್ಕು ಮುಖ್ಯ. 140ರಿಂದ 58ಕ್ಕೆ ಇಳಿದಿದ್ದರೆ ಅದು ಚೇತರಿಕೆಯೇ.

ಇಳಿಯದೆ ಅಲ್ಲೇ ನಿಂತರೆ? ಮೊದಲು ಅನುಮಾನಿಸಬೇಕಾದುದು ಕೊಬ್ಬು ತುಂಬಿದ ಯಕೃತ್ತನ್ನು. ಮದ್ಯ ಬಿಟ್ಟವರಲ್ಲಿ ಸಿಹಿಯ ಹಂಬಲ ಹೆಚ್ಚುತ್ತದೆ. ದಿನಕ್ಕೆ ಏಳೆಂಟು ಸಕ್ಕರೆ ಚಹಾ, ಎರಡು ಹೊತ್ತು ಅನ್ನ, ಏರಿದ ತೂಕ ಸೇರಿದರೆ ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರ ಯಕೃತ್ತಿನಲ್ಲಿ ಕೊಬ್ಬು ಉಳಿದೇ ಬಿಡುತ್ತದೆ. ತೂಕ ಹೆಚ್ಚಿರುವವರು ಅದರಲ್ಲಿ ಶೇ 7ರಿಂದ 10ರಷ್ಟು ಇಳಿಸಿದರೆ ಯಕೃತ್ತಿಗೆ ಗಣನೀಯ ಲಾಭವಿದೆ.

ಎಸ್‌ಜಿಒಟಿ ಯಕೃತ್ತಿನ ಸೊತ್ತು ಮಾತ್ರವಲ್ಲ, ಸ್ನಾಯುಗಳಲ್ಲೂ ಇದೆ ಎಂಬುದು ಈ ಭಾಗದವರು ನೆನಪಿಡಬೇಕಾದ ಸಂಗತಿ. ಕುಡಿತ ಬಿಟ್ಟು ಮತ್ತೆ ದುಡಿಮೆಗೆ ಇಳಿದ ಹಮಾಲ, ಸಿಂಧನೂರಿನಲ್ಲಿ ದಿನವಿಡೀ ಭತ್ತದ ಮೂಟೆ ಹೊತ್ತು ಮರುದಿನ ರಕ್ತ ಕೊಟ್ಟರೆ ಅಂಕಿ ಏರಿರುವುದು ಸಹಜ. ಸಿಪಿಕೆ ಪರೀಕ್ಷೆ ಈ ಗೊಂದಲ ಬಿಡಿಸುತ್ತದೆ. ದುಡಿಯಲು ಹೊರಟದ್ದೇ ಅವನ ಮೇಲಿನ ಶಂಕೆಗೆ ಕಾರಣವಾಗಬಾರದು.

ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನು ಒಮ್ಮೆಯಾದರೂ ಮಾಡಿಸಲೇಬೇಕು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇವುಗಳ ತಪಾಸಣೆ, ಚಿಕಿತ್ಸೆ ಉಚಿತ. ಸಿ ಬಗೆಯನ್ನು ಹೆಚ್ಚಿನವರಲ್ಲಿ ಮೂರು ತಿಂಗಳ ಮಾತ್ರೆಯಿಂದಲೇ ಗುಣಪಡಿಸಬಹುದು.

ಔಷಧಗಳ ಪಾತ್ರವೂ ಸಣ್ಣದಲ್ಲ. ಕ್ಷಯರೋಗದ ಮಾತ್ರೆ, ಅತಿಯಾದ ಪ್ಯಾರಾಸಿಟಮಾಲ್, ‘ಲಿವರ್ ಶುದ್ಧಿ’ಯ ಹೆಸರಿನ ನಾಟಿ ಕಷಾಯಗಳು ಯಕೃತ್ತನ್ನು ಘಾಸಿಗೊಳಿಸಬಲ್ಲವು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಯಕೃತ್ತು ಕೆಟ್ಟ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯೂ ಅಪರೂಪಕ್ಕೆ ತೀವ್ರ ಹಾನಿ ಮಾಡುವುದರಿಂದ ಅದರೊಂದಿಗೆ ಯಕೃತ್ತಿನ ಪರೀಕ್ಷೆ ನಡೆಯುತ್ತಿರಬೇಕು. ಊಟದಲ್ಲಿ ಗುಟ್ಟಾಗಿ ಬೆರೆಸುವ ಪದ್ಧತಿಯಂತೂ ಪ್ರಾಣಕ್ಕೇ ಎರವಾದೀತು. ಸಿಎಚ್ ಪೌಡರ್ ಬೆರೆಸಿದ ಸೇಂದಿ ಕುಡಿಯುತ್ತಿದ್ದವರು ಅದನ್ನೂ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಅದು ಕ್ಲೋರಲ್ ಹೈಡ್ರೇಟ್ ಎಂಬ ನಿದ್ರಾಜನಕ. ಅದರ ಚಟವೇ ಬೇರೆ.

ಇದಕ್ಕೆ ವ್ಯತಿರಿಕ್ತವಾದ ಅಪಾಯವೊಂದಿದೆ. ಕಿಣ್ವಗಳು ಸಹಜ ಮಟ್ಟದಲ್ಲಿದ್ದರೂ ಯಕೃತ್ತು ಗಡುಸಾಗಿರಬಹುದು. ಸಿರೋಸಿಸ್ ಇರುವ ಹಲವರ ವರದಿ ನೋಡಲು ಸಾಧಾರಣವೇ. ಹೀಗಾಗಿ ವೈದ್ಯರು ಬಿಲಿರುಬಿನ್, ಆಲ್ಬುಮಿನ್, ಐಎನ್‌ಆರ್, ಪ್ಲೇಟ್‌ಲೆಟ್‌ಗಳನ್ನೂ ಗಮನಿಸುತ್ತಾರೆ. ಫಿಬ್-4 ಎಂಬ ಸರಳ ಲೆಕ್ಕವೂ ಇದೆ: ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಪ್ಲೇಟ್‌ಲೆಟ್ (ಸಾವಿರಗಳಲ್ಲಿ) ಮತ್ತು ಎಸ್‌ಜಿಪಿಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಬೇಕು. ಮೇಲಿನ ವರದಿ 48 ವರ್ಷದವರದಾಗಿದ್ದು, ಪ್ಲೇಟ್‌ಲೆಟ್ 2.10 ಲಕ್ಷವಿದ್ದರೆ ಉತ್ತರ ಸುಮಾರು 1.9. 1.3ಕ್ಕಿಂತ ಕಡಿಮೆಯಿದ್ದರೆ ಗಡುಸಾಗಿರುವ ಸಂಭವ ಕಡಿಮೆ, 2.67 ಮೀರಿದರೆ ಹೆಚ್ಚು. ನಡುವಿನವರಿಗೆ ಫೈಬ್ರೋಸ್ಕ್ಯಾನ್ ಸೂಕ್ತ.

ಕಣ್ಣು ಹಳದಿಯಾಗುವುದು, ಹೊಟ್ಟೆ ಉಬ್ಬುವುದು, ರಕ್ತವಾಂತಿ, ಕಪ್ಪು ಮಲ, ಮಾತಿನಲ್ಲಿ ಗಲಿಬಿಲಿ ಕಂಡರೆ ಮರುಪರೀಕ್ಷೆಗೆ ಕಾಯದೆ ಅಂದೇ ಆಸ್ಪತ್ರೆಗೆ ಧಾವಿಸಬೇಕು. ಇಂದೂ ನಿತ್ಯ ಕುಡಿಯುತ್ತಿರುವವರು ವರದಿಗೆ ಹೆದರಿ ಏಕಾಏಕಿ ನಿಲ್ಲಿಸುವುದೂ ಸಲ್ಲದು. ಮೊದಲ ಮೂರು-ನಾಲ್ಕು ದಿನಗಳಲ್ಲಿ ಫಿಟ್ಸ್, ಸನ್ನಿ ಬರಬಹುದಾದ್ದರಿಂದ ವೈದ್ಯರ ನಿಗಾ ಅಗತ್ಯ. ಮಾನಸಿಕ ಬೆಂಬಲಕ್ಕೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು.

ಉಳಿದವರು ಒಂದರಿಂದ ಮೂರು ತಿಂಗಳ ಅಂತರದಲ್ಲಿ, ಸಾಧ್ಯವಾದಷ್ಟೂ ಅದೇ ಪ್ರಯೋಗಾಲಯದಲ್ಲಿ ಮರುಪರೀಕ್ಷೆ ಮಾಡಿಸುವುದು ಒಳಿತು. ಅದಕ್ಕೆ ಮುನ್ನ ಕೆಲ ದಿನ ಭಾರ ಹೊರುವ ಕೆಲಸ ಬೇಡ. ಹಳೆಯ ವರದಿಗಳು ಹಾಗೂ ನುಂಗುತ್ತಿರುವ ಎಲ್ಲ ಮಾತ್ರೆ, ಪುಡಿಗಳ ಚೀಟಿ ಜೊತೆಯಲ್ಲಿರಲಿ.