ಅಪಟೈಟ್ ಖನಿಜದ ಗುಣ, ಕುಲ ಮತ್ತು ನಾಮಧೇಯ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ಸೀಮೆಯಲ್ಲಿರುವ ಶಿವಗಂಗೆಯ ಬೆಟ್ಟವು ಯಾತ್ರಾಸ್ಥಳವೆಂದು ಪ್ರಸಿದ್ಧವಾದುದು. ಭೂವಿಜ್ಞಾನಿಗಳ ದೃಷ್ಟಿಯಲ್ಲಿ ಅದು ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಶಿಲಾಪಟ್ಟಿಯ ಒಂದು ಶಿಖರ. ರಾಮನಗರದ ಹಿಂದಿನ ಹೆಸರಿನಿಂದ ಗುರುತಿಸಲ್ಪಡುವ ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷಗಳು. ಇದರ ಪೂರ್ವಕ್ಕೆ ದೇವನಹಳ್ಳಿ, ಹೊಸಕೋಟೆಗಳ ಕಡೆ ಹರಡಿರುವುದು ಇದಕ್ಕಿಂತ ಪ್ರಾಚೀನವಾದ ನೈಸ್ ಶಿಲೆ. 1916ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯೂ. ಎಫ್. ಸ್ಮೀತ್ ಅವರು ಇದನ್ನು ಪೆನಿನ್ಸುಲರ್ ನೈಸ್ ಎಂದು ಕರೆದರು. ಇಂತಹ ಕಲ್ಲುಗಳಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರಗಳು ಬರಿಗಣ್ಣಿಗೇ ಕಾಣುವುವು. ಆದರೆ ಇವುಗಳ ನಡುವೆ ಅತ್ಯಲ್ಪ ಪ್ರಮಾಣದಲ್ಲಿ ಅಡಗಿರುವ ಅಪಟೈಟ್ ಎಂಬ ಖನಿಜವು ಸೂಕ್ಷ್ಮದರ್ಶಕಕ್ಕಲ್ಲದೆ ಗೋಚರಿಸುವುದಿಲ್ಲ.

ಅಪಟೈಟ್ ಎಂಬುದು ಕ್ಯಾಲ್ಸಿಯಂ ಮತ್ತು ರಂಜಕಗಳಿಂದಾದ ಫಾಸ್ಫೇಟ್. ಇದರ ಹರಳು ಆರು ಮೂಲೆಯ ಕಂಬದಂತಿರುವುದು. ಸಾಪೇಕ್ಷ ಸಾಂದ್ರತೆ ಸುಮಾರು 3.2. ಬಣ್ಣದಲ್ಲಿ ಮಾತ್ರ ಯಾವ ನಿಯಮವೂ ಇಲ್ಲ. ಹಸುರು, ನೀಲಿ, ಹಳದಿ, ಕಂದು, ನೇರಿಳೆ, ಎಲ್ಲವೂ ಉಂಟು, ವರ್ಣರಹಿತವಾದುದೂ ಉಂಟು. ಈ ಬಹುರೂಪತೆಯೇ ಇದರ ಇತಿಹಾಸಕ್ಕೆ ಮೂಲಕಾರಣವಾಯಿತು.

ಹದಿನೆಂಟನೆಯ ಶತಮಾನದಲ್ಲಿ ಇದನ್ನು ಕೆಲವರು ಬೆರಿಲ್ ಎಂದೂ, ಕೆಲವರು ಟೂರ್ಮಲಿನ್ ಎಂದೂ, ರತ್ನವರ್ತಕರು ಕ್ರಿಸೊಲೈಟ್ ಎಂದೂ ತಿಳಿದಿದ್ದರು. ಜರ್ಮನಿಯ ಎ. ಜಿ. ವೆರ್ನರ್ ಅವರು 1786ರಲ್ಲಿ ಇದು ಬೇರೊಂದು ಖನಿಜವೆಂದು ನಿರ್ಧರಿಸಿ, ವಂಚಿಸು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಅಪಟೈಟ್ ಎಂಬ ನಾಮವನ್ನು ನಿರ್ಮಿಸಿದರು. ಹೆಸರಿಟ್ಟ ಮಾತ್ರಕ್ಕೆ ವಂಚನೆ ನಿಲ್ಲಲಿಲ್ಲ. 1800ರಲ್ಲಿ ಟ್ರೋಮ್ಸ್‌ಡೋರ್ಫ್ ಎಂಬ ರಸಾಯನಜ್ಞರು ಸ್ಯಾಕ್ಸನಿಯ 'ಬೆರಿಲ್' ಒಂದನ್ನು ಪರೀಕ್ಷಿಸಿ, ಅದರಲ್ಲಿ ಹೊಸದೊಂದು ಮೂಲದ್ರವ್ಯವಿದೆಯೆಂದು ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ವೊಕಲ್ಯಾನ್ ಅವರು ಆ ಕಲ್ಲು ಬೆರಿಲ್ ಅಲ್ಲ, ಅಪಟೈಟ್; ಆ ಹೊಸ ದ್ರವ್ಯವು ಕ್ಯಾಲ್ಸಿಯಂ ಫಾಸ್ಫೇಟ್ ಎಂದು ತೋರಿಸಿದರು. ಚಾಕುವಿನ ಮೊನೆಯೊಂದೇ ಈ ಭ್ರಮೆಯನ್ನು ನಿವಾರಿಸಬಹುದಾಗಿತ್ತು; 1812ರ ಮೋಸ್ ಅವರ ಕಾಠಿಣ್ಯಕ್ರಮದಲ್ಲಿ ಅಪಟೈಟಿನ ಸ್ಥಾನ 5, ಬೆರಿಲ್ಲಿನದು ಏಳೂವರೆಗೆ ಕಡಮೆಯಲ್ಲ.

ಇಂತಹ ಪ್ರಸಂಗಗಳಿಂದ ಖನಿಜಗಳನ್ನು ಯಾವ ಲಕ್ಷಣದಿಂದ ವಿಂಗಡಿಸಬೇಕೆಂಬ ಪ್ರಶ್ನೆಯು ತೀವ್ರವಾಯಿತು. ವೆರ್ನರ್ ಅವರ ಪಂಥದವರು ಬಾಹ್ಯಲಕ್ಷಣಗಳಿಗೆ ಪ್ರಾಧಾನ್ಯವಿತ್ತರು. ಸ್ವೀಡನ್ನಿನ ಬರ್ಜೀಲಿಯಸ್ ಅವರು ರಾಸಾಯನಿಕ ಘಟನೆಯೇ ಪ್ರಮಾಣವೆಂದರು. ಅಮೆರಿಕದ ಜೆ. ಡಿ. ಡೇನಾ ಅವರು 1837ರ ತಮ್ಮ ಗ್ರಂಥದಲ್ಲಿ ಸಸ್ಯಗಳಂತೆ ಖನಿಜಗಳಿಗೂ ಲ್ಯಾಟಿನ್ ಕುಲನಾಮಗಳನ್ನು ಕೊಟ್ಟಿದ್ದವರು. 1854ರ ಆವೃತ್ತಿಯ ವೇಳೆಗೆ ಆ ಪದ್ಧತಿಯನ್ನು ತಾವೇ ತ್ಯಜಿಸಿ ರಾಸಾಯನಿಕ ವರ್ಗೀಕರಣವನ್ನು ಅಂಗೀಕರಿಸಿದರು. ಅಪಟೈಟಿಗೆ ಫಾಸ್ಫೇಟುಗಳ ವರ್ಗದಲ್ಲಿ ಸ್ಥಿರವಾದ ಸ್ಥಾನ ದೊರೆತುದು ಹೀಗೆ. ಗುಸ್ಟಾಫ್ ರೋಸೆ ಅವರು 1827ರಲ್ಲಿಯೇ ಇದರಲ್ಲಿ ಫ್ಲೋರಿನ್ ಮತ್ತು ಕ್ಲೋರಿನ್‌ಗಳಿರುವುದನ್ನು ಕಂಡಿದ್ದರು. ಇವುಗಳಲ್ಲಿ ಯಾವುದು ಪ್ರಧಾನವೋ ಅದರಂತೆ ಫ್ಲೋರ್‌ಅಪಟೈಟ್, ಕ್ಲೋರ್‌ಅಪಟೈಟ್ ಎಂಬ ಭೇದಗಳು ಏರ್ಪಟ್ಟುವು. ಹೈಡ್ರಾಕ್ಸಿಲ್ ಇರುವುದು ಮೂರನೆಯದು. ನಮ್ಮ ಮೂಳೆಹಲ್ಲುಗಳ ಗಟ್ಟಿಯಾದ ಅಂಶವೂ ಈ ಮೂರನೆಯ ಶಾಖೆಯದೇ.

1930ರಲ್ಲಿ ಕ್ಷಕಿರಣಗಳ ಸಹಾಯದಿಂದ ಹರಳಿನ ಒಳರಚನೆಯು ತಿಳಿದ ಬಳಿಕ, ಘಟನೆಯ ಜೊತೆಗೆ ರಚನೆಯೂ ಪ್ರಮಾಣವಾಯಿತು. 2008ರಲ್ಲಿ ಫ್ಲೋರ್‌ಅಪಟೈಟ್ ಎಂಬ ಹೆಸರನ್ನು ಬದಲಿಸಿ, ಅಪಟೈಟ್ ಎಂಬುದರ ಮುಂದೆ ಧಾತುಚಿಹ್ನೆಗಳನ್ನು ಬರೆಯುವ ಕ್ರಮವನ್ನು ತಂದರು. 2010ರಲ್ಲಿ ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘದ ಒಪ್ಪಿಗೆ ಪಡೆದ ವ್ಯವಸ್ಥೆಯು ಹಳೆಯ ಹೆಸರನ್ನೇ ಪುನಃ ಸ್ಥಾಪಿಸಿ, ಈ ಮಹಾಕುಲವನ್ನು ಐದು ಗಣಗಳಾಗಿ ವಿಭಾಗಿಸಿತು.

ವರ್ಗೀಕರಣದ ಈ ವಿಚಾರವು ಪ್ರದರ್ಶನಾಲಯದ ಕಪಾಟಿಗೆ ಮಾತ್ರ ಸಂಬಂಧಿಸಿದುದಲ್ಲ. ದೊಡ್ಡಬಳ್ಳಾಪುರದ ರಾಗಿಯ ಹೊಲಕ್ಕೂ ಸಂಬಂಧಿಸಿದುದು. ಕಲ್ಲು ಶಿಥಿಲವಾಗಿ ಮಣ್ಣಾದಾಗ ಪೈರಿಗೆ ದೊರೆಯುವ ರಂಜಕದ ಆದಿಮೂಲ ಅಪಟೈಟ್. ಆದರೆ ಬಲವಾಗಿ ಬಂಧಿತವಾದ ಆ ಹರಳು ನೀರಿನಲ್ಲಿ ಸುಲಭವಾಗಿ ಕರಗದು. ಕರಗಿದ ಅಂಶವನ್ನೂ ಕೆಂಪುಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳು ಹಿಡಿದಿಟ್ಟುಕೊಳ್ಳುವುವು. ಇಂಗ್ಲೆಂಡಿನ ಲಾಸ್ ಅವರು 1842ರಲ್ಲಿ ಸನ್ನದು ಪಡೆದ ಸೂಪರ್‌ಫಾಸ್ಫೇಟ್ ಗೊಬ್ಬರವು ಇಂತಹ ಫಾಸ್ಫೇಟನ್ನು ಗಂಧಕಾಮ್ಲದಿಂದ ಕರಗುವಂತೆ ಮಾಡಿದುದೇ. ಮೈಸೂರಿನಲ್ಲಿ 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ನೀಡಿದ 30 ಎಕರೆ ಭೂಮಿಯಲ್ಲಿ ಪ್ರಯೋಗಕ್ಷೇತ್ರವು ಆರಂಭವಾಯಿತು; ಮಣ್ಣಿಗೂ ಬೆಳೆಗೂ ಇರುವ ಸಂಬಂಧದ ಶೋಧನೆಯನ್ನು ಅಲ್ಲಿ ಡಾ. ಲೆಹ್ಮನ್ ಅವರು ಮೊದಲಿಟ್ಟರು.

ಕನ್ನಡದಲ್ಲಿ ಶಾಸ್ತ್ರಪದಗಳನ್ನು ರಚಿಸುವವರಿಗೂ ಈ ಇತಿಹಾಸದಲ್ಲೊಂದು ಪಾಠವುಂಟು. ಅಪಟೈಟಿಗೆ ಅದರ ಹಸುರು ಬಣ್ಣವನ್ನು ಹಿಡಿದು ಕನ್ನಡ ಹೆಸರನ್ನು ಕಟ್ಟಿದರೆ, ಎರಡು ಶತಮಾನಗಳ ಹಿಂದೆ ಯೂರೋಪಿನಲ್ಲಿ ತಿದ್ದಲ್ಪಟ್ಟ ತಪ್ಪು ಇಲ್ಲಿ ಪದಕೋಶವನ್ನು ಸೇರುವುದು. ವಂಚಕ ಎಂದು ಅನುವಾದಿಸಿದರೆ ಕಲ್ಲಿಗೆ ದೋಷವನ್ನು ಹೊರಿಸಿದಂತಾಗುವುದು. ಮೋಸಹೋದುದು ನೋಡಿದವರ ಕಣ್ಣು. ರಂಜಕ ಎಂಬ ಪದವು ಕನ್ನಡದಲ್ಲಿ ಬೇರೂರಿರುವುದರಿಂದ ಕುಲವನ್ನು ಸೂಚಿಸಲು ಅದನ್ನು ಬಳಸಿ, ವ್ಯಕ್ತಿನಾಮವಾದ ಅಪಟೈಟನ್ನು ಹಾಗೆಯೇ ಉಳಿಸಿಕೊಳ್ಳುವುದು ಯುಕ್ತವಾದ ಮಾರ್ಗ.